ಕರಿ ಎಳ್ಳು ಎಂದು ಬರೆದ ಡಬ್ಬ

ಡಬ್ಬಗಳ ವಿಷಯದಲ್ಲಿ ನಾನು ಯಾರನ್ನೂ ನಂಬುವುದಿಲ್ಲ. ಎ.ಸಿ. ರಿಪೇರಿಯವರನ್ನೂ, ‘ಐದೇ ನಿಮಿಷ ಮ್ಯಾಡಂ’ ಎನ್ನುವ ಟ್ಯಾಕ್ಸಿಯವರನ್ನೂ, ‘ಇವತ್ತೇ ಬಂದ ಮಾಲು’ ಎನ್ನುವ ತರಕಾರಿಯವರನ್ನೂ ನಂಬುವುದಿಲ್ಲ, ಅದು ಬೇರೆ ಮಾತು. ಅವರ ಮೇಲಿನ ಅನುಮಾನ ಹಬ್ಬ ಹರಿದಿನಗಳಲ್ಲಿ ಒಂದಿಷ್ಟು ಸಡಿಲವಾಗುವುದುಂಟು. ಡಬ್ಬದ ಮೇಲಿನದು ಸಡಿಲವಾಗುವುದಿಲ್ಲ. ಯಾವ ಡಬ್ಬವೇ ಇರಲಿ, ಮೇಲೆ ಏನೇ ಬರೆದಿರಲಿ, ಮುಚ್ಚಳ ತೆಗೆದ ಕೂಡಲೇ ಮೂಸುತ್ತೇನೆ. ಚಮಚ ಹಾಕುವುದು ಆಮೇಲೆ. ಪರಿಚಯದವರ ಮನೆಯಲ್ಲಿ ಕಾಫಿಗೆ ಸಕ್ಕರೆ ಡಬ್ಬ ಮುಂದಿಟ್ಟರೂ ಮೂಸಿದ್ದೇನೆ. ನನ್ನ ಗಂಡ ಶಶಿಧರ ಇದರಿಂದ ಬಹಳ ಸಲ ಮುಖ ತಗ್ಗಿಸಿದ್ದಾರೆ. “ಸಕ್ಕರೆಗೆ ವಾಸನೆ ಎಲ್ಲಿಂದ ಬರುತ್ತೆ ರತ್ನಾ?” ಎಂದು ವಾಪಸು ಬರುವ ದಾರಿಯಲ್ಲಿ ಕೇಳುತ್ತಾರೆ. ಬರುವುದಿಲ್ಲ ಎಂದು ಖಾತ್ರಿ ಮಾಡಿಕೊಳ್ಳಲಿಕ್ಕೇ ಮೂಸುವುದು ಎಂದರೆ ಅವರಿಗೆ ಅರ್ಥವಾಗುವುದಿಲ್ಲ. ಅವರು ಮೈಸೂರಿನವರು. ಹೇಳಿದ್ದನ್ನೆಲ್ಲ ನಂಬಿಕೊಂಡೇ ಬೆಳೆದವರು.

ಮೊನ್ನೆ ಒಂದು ಖಾಲಿ ಹಾಲುಪುಡಿ ಡಬ್ಬವನ್ನು ತೊಳೆದು ಅಂಗಳದ ಬಿಸಿಲಿಗೆ ಕವುಚಿ ಹಾಕಿದೆ. ಒಮಾನ್ ದೇಶದ ಈ ರುಸ್ತಾಕ್‌ನ ಬಿಸಿಲು ಗೊತ್ತಲ್ಲ, ತಿರುಗಿ ನೋಡುವಷ್ಟರಲ್ಲಿ ಡಬ್ಬ ಒಣಗಿ ಕೈ ಸುಡುತ್ತಿತ್ತು. ಅದನ್ನು ಸೆರಗಿನಲ್ಲಿ ಹಿಡಿದುಕೊಂಡು ನಿಂತವಳಿಗೆ ಹೋದ ವರ್ಷದ ಸಂಗತಿಯೆಲ್ಲ ನೆನಪಾಯಿತು. ಇದನ್ನು ಯಾರಿಗೂ ಸರಿಯಾಗಿ ಹೇಳಿಲ್ಲ. ಶಶಿಧರರಿಗೆ ಹೇಳಿದರೆ “ಆಗಿದ್ದಾಯ್ತು ಬಿಡು” ಎನ್ನುತ್ತಾರೆ. ನೀವಾದರೂ ಕೇಳಿ.

ನಾವಿರುವುದು ಎರಡು ಅಂತಸ್ತಿನ ಮನೆಯ ಕೆಳಗಿನ ಭಾಗದಲ್ಲಿ. ಶಶಿಧರರಿಗೆ ಇಲ್ಲಿನ ಒಂದು ಕಾಲೇಜಿನ ಪ್ರಯೋಗಾಲಯದಲ್ಲಿ ಕೆಲಸ. ಮಗಳು ನಿಧಿ ಇಂಡಿಯನ್ ಶಾಲೆಯಲ್ಲಿ ಎಂಟನೆಯ ತರಗತಿ. ನಾನು ಕನ್ನಡದಲ್ಲಿ ಬೈದರೆ ಅವಳು ಇಂಗ್ಲಿಷಿನಲ್ಲಿ ಬೇಜಾರು ಮಾಡಿಕೊಳ್ಳುತ್ತಾಳೆ. ಮಹಡಿಯ ಮೇಲೆ ಮನೆಯ ಯಜಮಾನರು, ಎಪ್ಪತ್ತು ದಾಟಿದ ಒಮಾನಿ ಮುದುಕರು. ಹಿರಿಯ ಮಗನ ಹೆಸರು ಸಾಲಿಂ ಆದ್ದರಿಂದ ಊರೆಲ್ಲ ಅವರನ್ನು ಅಬು ಸಾಲಿಂ ಎನ್ನುತ್ತದೆ. ಸಾಲಿಂಗೆ ಮಸ್ಕತ್‌ನಲ್ಲಿ ನೌಕರಿ, ಶುಕ್ರವಾರ ಮಾತ್ರ ಬರುತ್ತಾನೆ. ಅವನ ಹೆಂಡತಿ, ಮದುವೆಯಾಗಿ ಆಗಿನ್ನೂ ವರ್ಷವಾಗದ ಹುಡುಗಿ, ಮಾವನ ಜೊತೆ ಮೇಲೆಯೇ ಇದ್ದಳು.

ಅವರ ಮನೆಗೂ ನಮ್ಮ ಮನೆಗೂ ತಿಂಡಿಯ ಓಡಾಟ ಬಹಳ. ಕೊಟ್ಟ ಪಾತ್ರೆಯನ್ನು ಖಾಲಿ ಹಿಂದಿರುಗಿಸಬಾರದು ಎಂಬ ಪದ್ಧತಿ ನಮ್ಮಲ್ಲಿ ಮಾತ್ರ ಇರುವುದು ಎಂದುಕೊಂಡಿದ್ದೆ, ಇವರಲ್ಲೂ ಇದೆ. ಅವರು ಸ್ಟೀಲ್ ತಟ್ಟೆಯಲ್ಲಿ ಖರ್ಜೂರ, ಹಲ್ವಾ ಕಳಿಸುತ್ತಾರೆ. ನಾನು ಅದೇ ತಟ್ಟೆಯಲ್ಲಿ ಕೋಸಂಬರಿಯನ್ನೋ ಕೇಸರಿಬಾತನ್ನೋ ಹಾಕಿ ಮೇಲೆ ಕಳಿಸುತ್ತೇನೆ. ಕರಿದ ತಿಂಡಿಯಾದರೆ ಗಾಳಿಯಾಡದಿರಲಿ ಎಂದು ಹಾಲುಪುಡಿ ಡಬ್ಬದಲ್ಲಿ ಹಾಕಿ ಕಳಿಸುತ್ತಿದ್ದೆ. ತಟ್ಟೆಗಳು ಸರಿಯಾಗಿ ಓಡಾಡಿದವು. ಡಬ್ಬಗಳು ಮಾತ್ರ ಹೋದವು ಹೋದವೇ. ಚಕ್ಕುಲಿಯ ಡಬ್ಬ ಬರಲಿಲ್ಲ, ಕೋಡುಬಳೆಯದು ಬರಲಿಲ್ಲ, ರವೆ ಉಂಡೆಯದು ಬರಲಿಲ್ಲ. ಅವೆಲ್ಲ ನನ್ನ ಒಳ್ಳೆಯ ಡಬ್ಬಗಳು, ಮುಚ್ಚಳ ಬಿಗಿಯಾಗಿ ಕೂರುವಂಥವು, ಮೊದಲು ತುಂಬಿಟ್ಟಿದ್ದ ದಿನಸಿಯ ಹೆಸರಿನ ಚೀಟಿ ಇನ್ನೂ ಅಂಟಿಕೊಂಡಿದ್ದಂಥವು.

ಸೂಕಿನಲ್ಲಿ, ಅಂದರೆ ಇಲ್ಲಿನ ಪೇಟೆಯಲ್ಲಿ, ದಿನಸಿ ಅಂಗಡಿ ಇಟ್ಟಿರುವ ಉಪ್ಪಿನಂಗಡಿ ಕಡೆಯ ಹಮೀದಣ್ಣನ ಹತ್ತಿರ ಈ ದೂರು ಹೇಳಿಕೊಂಡೆ. ಒಮಾನಿಗಳ ನಡೆನುಡಿಯಲ್ಲಿ ಏನು ಅನುಮಾನ ಬಂದರೂ ನಾನು ಅವರನ್ನೇ ಕೇಳುವುದು.

“ಅವರು ಅದನ್ನು ಗಿಫ್ಟ್ ಅಂತ ಇಟ್ಟುಕೊಂಡದ್ದು ಮಾರಾಯ್ರೆ,” ಎಂದು ಹಮೀದಣ್ಣ ನಕ್ಕರು. “ಮುಚ್ಚಳ ಹಾಕಿ ಕೊಟ್ರೆ ಡಬ್ಬ ಸಮೇತ ಕೊಟ್ಟ ಹಾಗೆ. ನೀವು ಡಬ್ಬಕ್ಕೆ ಯಾಕೆ ಇಷ್ಟು ಮಂಡೆ ಬಿಸಿ ಮಾಡುದು? ನನ್ನ ಅಂಗಡಿಯಲ್ಲಿ ಬೇಕಾದಷ್ಟು ಉಂಟು, ಕೊಂಡೋಗಿ.”

ನನಗೆ ಸಮಾಧಾನವಾಗಲಿಲ್ಲ. ಅಷ್ಟು ಡಬ್ಬ ಇಟ್ಟುಕೊಂಡು ಮೂರು ಜನರ ಮನೆಯಲ್ಲಿ ಏನು ತುಂಬಿಸುತ್ತಾರೆ?

ಹೊರಮೆಟ್ಟಿಲ ಕೆಳಗೆ ಒಂದು ಸಣ್ಣ ಉಗ್ರಾಣದ ಕೋಣೆ ಇದೆ. ಕಬ್ಬಿಣದ ಬಾಗಿಲು, ದಪ್ಪನೆಯ ಬೀಗ. ಅದರ ಒಂದು ಗೋಡೆ ನಮ್ಮ ಅಡುಗೆಮನೆಯದೇ. ಗುರುವಾರ ಇಳಿಹೊತ್ತಿನ ಅಸರ್ ನಮಾಜು ಮುಗಿದ ಮೇಲೆ ಅಬು ಸಾಲಿಂ ಒಂದು ಪ್ಲಾಸ್ಟಿಕ್ ಸ್ಟೂಲು ಹಿಡಿದುಕೊಂಡು ಆ ಕೋಣೆಗೆ ಹೋಗುತ್ತಿದ್ದರು. ಬಾಗಿಲು ಮುಚ್ಚುತ್ತಿತ್ತು. ಒಂದು ಗಂಟೆ ಒಳಗಿನಿಂದ ಟಿಣ್ ಟಿಣ್ ಎಂದು ಏನೋ ಹಿತ್ತಾಳೆಯ ಸದ್ದು. ಆಮೇಲೆ ಹೊರಗೆ ಬಂದು ಅಂಗಳದ ನಲ್ಲಿಯಲ್ಲಿ ಸೋಪು ಹಾಕಿ ಮೊಣಕೈವರೆಗೂ ಕೈ ತೊಳೆಯುತ್ತಿದ್ದರು. ಕೈಯನ್ನು ಅಷ್ಟು ಹೊತ್ತು ತೊಳೆಯುವ ಗಂಡಸನ್ನು ನಾನು ಸುಮ್ಮನೆ ಬಿಡುವವಳಲ್ಲ.

ಮೊದಲು ಕಳ್ಳಬಟ್ಟಿ ಇರಬಹುದು ಎಂದುಕೊಂಡೆ. ಐದು ಹೊತ್ತು ನಮಾಜು ಮಾಡುವ ಮನುಷ್ಯನ ಮೇಲೆ ಹಾಗೆ ಎಣಿಸಿದ್ದಕ್ಕೆ ನಾಚಿಕೆಯಾಗಿ, ಮಂತ್ರ ತಂತ್ರಕ್ಕೆ ಬಂದೆ. ಆಮೇಲೆ ಸೊಸೆಗೆ ಗೊತ್ತಾಗದ ಹಾಗೆ ಹಳೆಯ ಆಭರಣ ಬಚ್ಚಿಟ್ಟಿದ್ದಾರೆ ಎಂದು ತೀರ್ಮಾನಿಸಿದೆ. ಈ ಮೂರನೆಯದನ್ನು ಬಹಳ ದಿನ ನಂಬಿದ್ದೆ. ಶಶಿಧರರು, “ಅವರ ಉಗ್ರಾಣ, ಅವರ ಸ್ಟೂಲು, ನಿನಗೇನು?” ಎಂದು ಪೇಪರ್ ಮಡಚಿಟ್ಟರು. ನಿಧಿ, “ಅಮ್ಮಾ, ಯು ಆರ್ ಸ್ಪೈಯಿಂಗ್ ಆನ್ ಎ ಗ್ರ್ಯಾಂಡ್‌ಪಾ,” ಎಂದಳು. ನಾನು ಗೋಡೆಗೆ ಕಿವಿಯಿಟ್ಟದ್ದು ಅವಳ ಕಣ್ಣಿಗೆ ಬಿದ್ದಿತ್ತು.

ಹೀಗಿರುವಾಗ ಒಂದು ದಿನ ನಾನು ಸೂಕಿಗೆ ಹೋಗಿದ್ದಾಗ ಮೇಲಿನ ಮನೆಯ ಸೊಸೆ ಬಂದು ಒಂದು ಡಬ್ಬ ಕೊಟ್ಟು ಹೋದಳಂತೆ. ಈ ಹುಡುಗಿ ಅಚ್ಚುಕಟ್ಟಿನವಳು. ಮಾವ ಬೀಗ ಹಾಕಲು ಮರೆತ ದಿನ ಉಗ್ರಾಣ ಗುಡಿಸಲು ಹೋಗಿದ್ದಾಳೆ, ಕನ್ನಡ ಅಕ್ಷರದ ಚೀಟಿ ಅಂಟಿಸಿದ ಡಬ್ಬ ಕಂಡಿದೆ, ಕೆಳಗಿನ ಮನೆಯವರದು ಎಂದು ಗೊತ್ತಾಗಿ ತಂದುಕೊಟ್ಟಿದ್ದಾಳೆ. ತೂಗಿ ನೋಡಿದರೆ ಒಳಗೆ ಏನೋ ಇದೆ, ಖಾಲಿ ಮಾಡುವುದು ಮರ್ಯಾದೆಯಲ್ಲ ಎಂದು ಹಾಗೆಯೇ ತಂದಿದ್ದಾಳೆ. ಶಶಿಧರರು ಚೀಟಿ ಓದಿದರು: ‘ಕರಿ ಎಳ್ಳು’. ಮುಚ್ಚಳ ತೆಗೆದು ನೋಡಿದರು: ಕರಿಯ ಕಾಳು. ಇನ್ನೇನು ಬೇಕು ಅವರಿಗೆ? ಒಲೆಯ ಮೇಲಿನ ಶೆಲ್ಫಿನಲ್ಲಿ, ಸಾಸಿವೆಯ ಪಕ್ಕದಲ್ಲಿ ಇಟ್ಟರು. ಸಂಜೆ ನಾನು ಬಂದಾಗ, “ನೋಡು, ಸುಮ್ಮನೆ ಆಡಿಕೊಳ್ತಿದ್ದೆ, ನಿನ್ನ ಡಬ್ಬ ಬಂತು, ಎಳ್ಳು ಬೇರೆ ತುಂಬಿಸಿ ಕೊಟ್ಟಿದ್ದಾರೆ,” ಎಂದು ಹೆಮ್ಮೆಯಿಂದ ಹೇಳಿದರು.

ನನಗೂ ಸಂತೋಷವಾಯಿತು, ಸುಳ್ಳು ಯಾಕೆ ಹೇಳಲಿ. ಎಳ್ಳು ಹುರಿದು ಚಟ್ನಿಪುಡಿ ಮಾಡೋಣವೆಂದು ಬಾಣಲೆ ಇಟ್ಟು ಉರಿ ಹಚ್ಚಿದೆ. ಬಾಣಲೆ ಕಾಯುತ್ತಿತ್ತು. ಡಬ್ಬ ಇಳಿಸಿ ಮುಚ್ಚಳ ತೆಗೆದು, ಈ ಸೆಕೆಗೆ ಎಳ್ಳು ಕಮಟಾಗಿದೆಯೋ ಏನೋ ಎಂದು ಮೂಸಿದೆ.

ಆ ವಾಸನೆಯನ್ನು ನಾನು ಮೂವತ್ತು ವರ್ಷದಿಂದ ಮೂಸಿರಲಿಲ್ಲ. ಆದರೂ ತಟ್ಟನೆ ಗೊತ್ತಾಯಿತು. ಅದು ಅಪ್ಪನ ಮದ್ದಿನ ವಾಸನೆ. ಔಷಧಿಯ ಮದ್ದಲ್ಲ, ಕೋವಿಯ ಮದ್ದು.

ಇಲ್ಲಿ ಅಪ್ಪನ ವಿಷಯ ಹೇಳದೆ ಮುಂದೆ ಹೋಗುವ ಹಾಗಿಲ್ಲ. ನನ್ನ ಅಪ್ಪ ಸೋಮವಾರಪೇಟೆಯ ಸರ್ಕಾರಿ ಆಸ್ಪತ್ರೆಯಲ್ಲಿ ಕಂಪೌಂಡರ್. ಊರ ಹೊರಗೆ ನಮಗೊಂದು ಎಕರೆ ಗದ್ದೆ ಇತ್ತು. ಹಂದಿ ಕಾಟ ತಡೆಯಲಿಕ್ಕೆ ಲೈಸೆನ್ಸಿನ ಒಂದು ಒಂಟಿನಳಿಗೆ ಕೋವಿಯೂ ಇತ್ತು. ಅಂಗಡಿಯ ತೋಟೆ ತಂದರೆ ಪೂರೈಸುವುದಿಲ್ಲ ಎಂದು, ಹಾರಿಸಿದ ತೋಟೆಯ ಖಾಲಿ ಕೊಳವೆಯನ್ನು ಎತ್ತಿಟ್ಟುಕೊಂಡು ಮನೆಯಲ್ಲೇ ಮತ್ತೆ ತುಂಬಿಸುತ್ತಿದ್ದರು. ನನ್ನ ಬೆರಳು ಸಪೂರ ಇದ್ದದ್ದರಿಂದ ಕೊಳವೆಯೊಳಗೆ ರಟ್ಟಿನ ಬಿಲ್ಲೆ ಕೂರಿಸುವ ಕೆಲಸ ನನ್ನದು. ಅಣ್ಣನಿಗೆ ಆ ಕೋಣೆಗೆ ಪ್ರವೇಶವಿರಲಿಲ್ಲ, ಅವನು ಸೀನುತ್ತಾನೆ ಎಂಬ ಕಾರಣಕ್ಕೆ. ನನಗೆ ಬಂದಿದ್ದ ಜಂಬ ಅಷ್ಟಿಷ್ಟಲ್ಲ.

ಅಪ್ಪನ ಕಟ್ಟಳೆಗಳು ಆಸ್ಪತ್ರೆಯವು. ಎಲ್ಲದರ ಮೇಲೆ ಚೀಟಿ ಅಂಟಬೇಕು. ಉಪ್ಪಿನ ಜಾಡಿಯ ಮೇಲೆ ‘ಉಪ್ಪು’, ಸೀಮೆಎಣ್ಣೆಯ ಮೇಲೆ ಕೆಂಪು ಶಾಯಿಯಲ್ಲಿ ‘ವಿಷ’, ಅಮ್ಮನ ಟ್ರಂಕಿನ ಮೇಲೆ ‘ಸೀರೆ’. ಅಮ್ಮ ಮದುವೆಯಾದ ಹೊಸತರಲ್ಲಿ ತನ್ನ ಮೇಲೂ ಎಲ್ಲಿ ಚೀಟಿ ಅಂಟಿಸುತ್ತಾರೋ ಎಂದು ಹೆದರಿದ್ದಳಂತೆ. ಮದ್ದು ಇರುತ್ತಿದ್ದದ್ದು ಮರದ ಪೆಟ್ಟಿಗೆಯಲ್ಲಿ, ಅದು ಬಂದ ಮೂಲ ಡಬ್ಬದ ಸಮೇತ, ಒಲೆಯಿಂದ ದೂರದ ತಂಪು ಮೂಲೆಯಲ್ಲಿ, ಬೀಗ ಹಾಕಿ. ಕಡ್ಲೆಕಾಳಿನಷ್ಟು ಇರುವ ಕೇಪುಗಳು, ಬಡಿದರೆ ಕಿಡಿ ಕೊಡುವಂಥವು, ಬೇರೆಯೇ ಕೋಣೆಯಲ್ಲಿ ಬೇರೆಯೇ ಬೀಗದಲ್ಲಿ. “ಇವೆರಡೂ ಒಂದನ್ನೊಂದು ನೋಡಬಾರದು ಮಗಾ,” ಎನ್ನುತ್ತಿದ್ದರು. ತುಂಬಿಸುವ ದಿನ ಹಗಲು ಹೊತ್ತೇ ಆಗಬೇಕು, ದೀಪ ಕೂಡದು. ನೈಲಾನ್ ಸೀರೆ ಉಟ್ಟಿದ್ದರೆ ಅಮ್ಮ ಹೊಸ್ತಿಲು ದಾಟುವ ಹಾಗಿಲ್ಲ, ಸೆರಗು ಉಜ್ಜಿದರೂ ಕಿಡಿ ಬರುತ್ತದೆ ಎಂದು. ಬೀಡಿ ಸೇದುವ ನೆಂಟರನ್ನು ಆ ದಿನ ಬೀದಿಯ ಕಡೆಯಿಂದಲೇ ಮಾತನಾಡಿಸಿ ಕಳಿಸುತ್ತಿದ್ದರು. ಮೇಜಿನ ಮೇಲೆ ಒಂದು ಸಲಕ್ಕೆ ಒಂದೇ ವಸ್ತು. ಉಳಿದ ಮದ್ದು ಆ ಹೊತ್ತೇ ಪೆಟ್ಟಿಗೆಗೆ.

ಇಷ್ಟು ಶಿಸ್ತು ಯಾಕೆಂದರೆ, ಹಿಂದಿನ ಬೀದಿಯ ಒಬ್ಬರು ಮಳೆಗಾಲದಲ್ಲಿ ಮದ್ದಿಗೆ ಪಸೆ ಹಿಡಿಯಿತೆಂದು ಬಚ್ಚಲ ಒಲೆಯ ಕಟ್ಟೆಯ ಮೇಲೆ ಒಣಗಲಿಟ್ಟಿದ್ದರು. ಅವರ ಮುಖಕ್ಕೆ ಮುಲಾಮು ಹಚ್ಚಿದ್ದು ಅಪ್ಪನೇ. ಮನೆಗೆ ಬಂದು ಎರಡು ದಿನ ಊಟ ಮಾಡಲಿಲ್ಲ. ಹುಬ್ಬು ಮತ್ತೆ ಬಂತು, ಕಣ್ಣು ಒಂದೇ ಉಳಿಯಿತು. ಅದಾದ ಮೇಲೆ ಅಪ್ಪ ಎಲ್ಲವನ್ನೂ ಮೂಸಿ ನೋಡುವುದನ್ನು ನನಗೆ ಕಲಿಸಿದರು. ನನ್ನ ಅನುಮಾನ ಹುಟ್ಟುಗುಣವೆಂದು ಶಶಿಧರರು ಹೇಳುವುದು ತಪ್ಪು, ಅದು ನನಗೆ ಬಂದ ವಿದ್ಯೆ.

ಒಲೆ ಆರಿಸಿದೆ. ಸಿಲಿಂಡರಿನ ನಾಬ್ ತಿರುಗಿಸಿದೆ. ಮುಚ್ಚಳವನ್ನು ಮೆಲ್ಲನೆ ಮೇಲಿಟ್ಟೆ, ಬಿಗಿದು ತಿರುಗಿಸಲಿಲ್ಲ. ಡಬ್ಬವನ್ನು ಎರಡೂ ಕೈಯಲ್ಲಿ ಹಿಡಿದು ಹೊರಗೆ ತಂದು, ಬಿಸಿಲು ತಾಗದ ಕಡೆ, ಮೋಟರಿನ ವೈರುಗಳಿಂದ ದೂರಕ್ಕೆ, ನೆರಳಿನ ಮಣ್ಣಿನ ಮೇಲೆ ಇಟ್ಟೆ. ನಿಧಿ ಏನಾಯಿತೆಂದು ಹಿಂದೆ ಬಂದಳು. “ಒಳಗೆ ಹೋಗು” ಎಂದು ಯಾವ ದನಿಯಲ್ಲಿ ಹೇಳಿದೆನೋ, ಹುಡುಗಿ ಜೀವನದಲ್ಲಿ ಮೊದಲ ಸಲ ಎದುರು ಮಾತಾಡದೆ ಹೋದಳು. ಶಶಿಧರರು ಬಾಗಿಲಲ್ಲಿ ನಿಂತು, “ಎಳ್ಳಲ್ವಾ ಅದು?” ಎಂದರು. “ಮೇಲೆ ಹೋಗಿ ಅಬು ಸಾಲಿಂ ಅವರನ್ನು ಕರೆಯಿರಿ,” ಎಂದೆ.

ಅಬು ಸಾಲಿಂ ಮೇಲಿನಿಂದ ಇಳಿದು ಬಂದರು. ಹಿಂದೆ ಮೂವತ್ತು ವರ್ಷ ಲಾರಿ ಓಡಿಸುವಾಗ ನಮ್ಮ ದೇಶದವರ ಜೊತೆ ಕಲಿತ ಹಿಂದಿ ಅವರದು, ನನಗೂ ಅವರಿಗೂ ಅದೇ ಸೇತುವೆ. ಡಬ್ಬವನ್ನು ತೋರಿಸಿದೆ. ಬಗ್ಗಿ ಎರಡು ಬೆರಳಲ್ಲಿ ಚಿಟಿಕೆ ತೆಗೆದು ತಿಕ್ಕಿದರು, ಮೂಗಿನ ಹತ್ತಿರ ಹಿಡಿದರು.

“ಬಾರೂದ್,” ಎಂದರು. ಅರಬ್ಬಿಯಲ್ಲೂ ಹಿಂದಿಯಲ್ಲೂ ಅದು ಒಂದೇ ಮಾತು. “ಯೇ ಇಧರ್ ಕೈಸೆ ಆಯಾ?”

ಹೇಗೆ ಬಂತೆಂದು ಹೇಳಿದೆ. ಬಾಣಲೆಯ ವಿಷಯವನ್ನೂ ಹೇಳಿದೆ. ಮುದುಕರು ಜೇಬಿನಿಂದ ಕೀಲಿ ತೆಗೆದು ಉಗ್ರಾಣದ ಬಾಗಿಲು ತೆರೆದರು.

ಒಳಗೆ ಗೋಡೆಯ ಹಲಗೆಯ ಮೇಲೆ ನನ್ನ ಡಬ್ಬಗಳೆಲ್ಲ ಸಾಲಾಗಿ ನಿಂತಿದ್ದವು. ‘ರವೆ’ಯಲ್ಲಿ ಕೇಪು. ‘ಮೆಂತ್ಯ’ದಲ್ಲಿ ಖಾಲಿ ಹಿತ್ತಾಳೆ ತೋಟೆಗಳು. ‘ಕಡಲೆ ಹಿಟ್ಟು’ ಎಂದು ನನ್ನ ಕೈಬರಹದಲ್ಲೇ ಬರೆದದ್ದರಲ್ಲಿ ಇನ್ನಷ್ಟು ಮದ್ದು. ಒಂದನ್ನೊಂದು ನೋಡಬಾರದವು ಹೆಗಲಿಗೆ ಹೆಗಲು ಕೊಟ್ಟು ಕುಳಿತಿದ್ದವು. ಅವುಗಳ ಹಿಂದಿನ ಗೋಡೆಯ ಆಚೆ ನನ್ನ ಒಲೆ. ಒಲೆಯ ಪಕ್ಕದ ಮೇಜಿನಲ್ಲಿ ಕುಳಿತು ನಿಧಿ ದಿನಾ ಹೋಂವರ್ಕ್ ಮಾಡುತ್ತಿದ್ದಳು.

ಆಗ ಅವರು ಎಲ್ಲವನ್ನೂ ಹೇಳಿದರು. ಅವರ ಅಜ್ಜನ ಕಾಲದ ಒಂದು ಬಂದೂಕು ಇದೆ. ಅದಕ್ಕೆ ಈಗ ಎಲ್ಲಿಯೂ ತೋಟೆ ಸಿಗುವುದಿಲ್ಲ, ಕೈಯಾರೆ ತುಂಬಿಸಿಕೊಳ್ಳಬೇಕು. ಗುಂಡು ಹಾಕುವುದಿಲ್ಲ, ಬರೀ ಸದ್ದಿಗೆ. ಅವರ ಕುಟುಂಬದ ಪ್ರತಿ ಮದುವೆಯಲ್ಲೂ ದಿಬ್ಬಣ ಹೊರಡುವಾಗ ಆ ಬಂದೂಕನ್ನು ಏಳು ಸಲ ಹಾರಿಸಬೇಕು. ಅಜ್ಜ ಹಾರಿಸಿದ್ದರು, ಅಪ್ಪ ಹಾರಿಸಿದ್ದರು, ಐವತ್ತು ವರ್ಷದಿಂದ ಇವರು ಹಾರಿಸುತ್ತಿದ್ದಾರೆ. ಈದ್ ಕಳೆದ ಮೇಲೆ ತಮ್ಮನ ಮೊಮ್ಮಗಳ ಮದುವೆ ಇತ್ತು. ಹೀಗೆ ಮನೆಯಲ್ಲಿ ತುಂಬಿಸುವುದಕ್ಕೆ ಇಲ್ಲಿನ ಕಾನೂನು ಒಪ್ಪುತ್ತದೋ ಇಲ್ಲವೋ ನಾನು ಕೇಳಲಿಲ್ಲ. ಕೇಳಿದರೆ ನಿಜ ಹೇಳುತ್ತಾರೆಂಬ ನಂಬಿಕೆಯೂ ನನಗಿರಲಿಲ್ಲ.

“ಸಾಲಿಂಗೆ ಹೇಳಬೇಡ,” ಎಂದರು. “ಅವನಿಗೆ ಗೊತ್ತಾದರೆ ಬಂದೂಕು ಖಲಾಸ್.”

ಪೊಲೀಸರಿಗೆ ಹೇಳಬೇಕೆಂದು ಒಂದು ಮನಸ್ಸು. ಪರದೇಶದಲ್ಲಿ ಬಾಡಿಗೆಗಿರುವವರು ಮನೆಯ ಯಜಮಾನರ ಮೇಲೆ ದೂರು ಕೊಟ್ಟು ನಾಳೆ ಎಲ್ಲಿಗೆ ಹೋಗುವುದು ಎಂದು ಇನ್ನೊಂದು ಮನಸ್ಸು. ಕೊನೆಗೆ ಅಪ್ಪನ ಮಗಳಿಗೆ ತಕ್ಕ ಹಾಗೆ ಮಾಡಿದೆ. “ಇದನ್ನೆಲ್ಲ ನಾನು ಹೇಳಿದ ಹಾಗೆ ಇಟ್ಟರೆ ಸಾಲಿಂಗೆ ಹೇಳುವುದಿಲ್ಲ,” ಎಂದೆ. ಅವರು ಎದೆಯ ಮೇಲೆ ಕೈಯಿಟ್ಟು ಒಪ್ಪಿದರು.

ಮಾರನೆಯ ದಿನ ಬೆಳಿಗ್ಗೆ ಹತ್ತಿ ಸೀರೆ ಉಟ್ಟುಕೊಂಡು ಉಗ್ರಾಣಕ್ಕೆ ಹೋದೆ. ಮದ್ದನ್ನು ಅಂಗಳದ ಆಚೆ ತುದಿಯಲ್ಲಿ, ಗೋಡೆಯ ನೆರಳಿನಲ್ಲಿರುವ ಹಳೆಯ ಪಂಪಿನ ಕೋಣೆಗೆ ಸಾಗಿಸಿ ಮರದ ಪೆಟ್ಟಿಗೆಯಲ್ಲಿ ಇಡಿಸಿದೆ. ಪಂಪು ಎಂದೋ ಹೋಗಿತ್ತು, ಕರೆಂಟೂ ಇರಲಿಲ್ಲ. ಕೇಪುಗಳು ಮಹಡಿಯ ಮೇಲಿನ ಬೀರುವಿಗೆ ಹೋದವು. ಖಾಲಿ ತೋಟೆಗಳು ಮಾತ್ರ ಉಗ್ರಾಣದಲ್ಲೇ ಉಳಿದವು. ನನ್ನ ಕನ್ನಡ ಚೀಟಿಗಳನ್ನು ಕೆರೆದು ತೆಗೆದೆ. ಮುದುಕರು ನಾನು ಹೇಳಿದ್ದಕ್ಕೆಲ್ಲ “ತಮಾಂ, ತಮಾಂ” ಎಂದು ಒಪ್ಪಿಕೊಳ್ಳುತ್ತಿದ್ದರು. ಇಷ್ಟು ವಿಧೇಯರಾಗಿದ್ದಾರಲ್ಲ, ಇದರಲ್ಲಿ ಏನೋ ಇದೆ ಎಂದು ನನಗೆ ಒಳಗೊಳಗೇ ಅನುಮಾನ.

ಶಾಲೆಯಲ್ಲಿ ಅರಬ್ಬಿ ಕಲಿಯುವ ನಿಧಿ ದಪ್ಪ ಕೆಂಪು ಪೆನ್ನಿನಲ್ಲಿ ಎರಡು ದೊಡ್ಡ ಚೀಟಿ ಬರೆದುಕೊಟ್ಟಳು. ಒಂದರಲ್ಲಿ ‘ಬಾರೂದ್, ಅಪಾಯ’. ಇನ್ನೊಂದರಲ್ಲಿ ‘ಖಾಲಿ’. ಅಂಟಿಸುವ ಮೊದಲು ಅಬು ಸಾಲಿಂ ಕೈಗೆ ಕೊಟ್ಟೆ, ಕಾಗುಣಿತ ಸರಿಯಿದೆಯೇ ನೋಡಲಿ ಎಂದು. ಅವರು ಒಂದನ್ನು ಹಿಡಿದು ಬಹಳ ಹೊತ್ತು ನೋಡಿದರು.

“ಮಾಷಾ ಅಲ್ಲಾ. ಬಾರೂದ್. ಹುಡುಗಿ ಚೆನ್ನಾಗಿ ಬರೆದಿದ್ದಾಳೆ,” ಎಂದರು.

ನಿಧಿ ನನ್ನ ಸೆರಗು ಜಗ್ಗಿದಳು. “ಅಮ್ಮಾ, ದಟ್ಸ್ ದ ಎಂಪ್ಟಿ ಒನ್,” ಎಂದು ಪಿಸುಗುಟ್ಟಿದಳು. “ಆಂಡ್ ಇಟ್ಸ್ ಅಪ್‌ಸೈಡ್ ಡೌನ್.”

ಓದು ಬರದ ಮನುಷ್ಯರಲ್ಲ ಅವರು. ಅದಕ್ಕೆ ಎರಡು ವರ್ಷ ಹಿಂದೆ ಬಾಡಿಗೆಯ ಕರಾರನ್ನು ನನ್ನೆದುರೇ ಸಾಲು ಸಾಲು ಓದಿ ಸಹಿ ಹಾಕಿದವರು. ನಾನು ಸದ್ದಾಗದ ಹಾಗೆ ಅವರ ಪಕ್ಕದಲ್ಲಿದ್ದ ನೀರಿನ ಲೋಟವನ್ನು ಒಂದು ಗೇಣು ಆಚೆ ಸರಿಸಿದೆ. ಸ್ವಲ್ಪ ಹೊತ್ತಿನ ಮೇಲೆ ಅವರ ಕೈ ಲೋಟ ಮೊದಲಿದ್ದ ಜಾಗಕ್ಕೆ ಹೋಗಿ ಬರಿಯ ಗಾಳಿಯನ್ನು ಹಿಡಿಯಿತು. ಮುದುಕರು ಕೈ ಹಿಂದಕ್ಕೆ ತೆಗೆದುಕೊಂಡರು. ನಾನು ಪರೀಕ್ಷಿಸಿದೆ ಎಂದು ಅವರಿಗೆ ಗೊತ್ತಾಯಿತು. ಗೊತ್ತಾಗಿದ್ದು ನನಗೂ ಗೊತ್ತಾಗಿ, ಮುಖ ಎತ್ತಲಾರದಷ್ಟು ನಾಚಿಕೆಯಾಯಿತು.

“ಎಷ್ಟು ದಿನ ಆಯಿತು ಬಾಬಾ?” ಎಂದೆ.

“ಬೆಳಕು ಕಾಣುತ್ತದೆ,” ಎಂದರು. “ಆಕಾರ ಕಾಣುತ್ತದೆ. ಅಕ್ಷರ ಹೋಗಿ ವರ್ಷ ಆಯಿತು.”

“ಮತ್ತೆ ಮದ್ದು ಹೇಗೆ ಅಳೆಯುತ್ತೀರಿ?”

“ಕೈಗೆ ಗೊತ್ತು.” ಹತ್ತು ಬೆರಳನ್ನೂ ನನ್ನ ಮುಂದೆ ಹಿಡಿದರು. “ಐವತ್ತು ವರ್ಷದ ಕೈ. ಮಾಫಿ ಮುಷ್ಕಿಲ್.”

ತೊಂದರೆಯೇನಿಲ್ಲ ಎಂದು ಅವರ ಮಾತಿನ ಅರ್ಥ. ಅದರ ಹಿಂದಿನ ವರ್ಷ ಇದ್ದಕ್ಕಿದ್ದಂತೆ ಕಾರು ಓಡಿಸುವುದನ್ನು ಬಿಟ್ಟು, ‘ರುಸ್ತಾಕ್‌ನಲ್ಲಿ ಹೋಗಲಿಕ್ಕೆ ಎಲ್ಲಿದೆ’ ಎಂದಿದ್ದರು. ಆಗ ನಾನು ಕಾರು ಕೆಟ್ಟಿದೆ, ಸುಳ್ಳು ಹೇಳುತ್ತಿದ್ದಾರೆ ಎಂದು ಅನುಮಾನಿಸಿದ್ದೆ. ಊರಿನಲ್ಲಿರುವ ಅನುಮಾನವನ್ನೆಲ್ಲ ಪಟ್ಟವಳಿಗೆ ಪಡಬೇಕಾದ ಒಂದೇ ಒಂದು ಅನುಮಾನ ಬಂದಿರಲಿಲ್ಲ.

ಚೀಟಿಗಳು ನನ್ನ ಕೈಯಲ್ಲೇ ಉಳಿದವು. ಪೆಟ್ಟಿಗೆ ಬೇರೆ ಮಾಡಿದೆ, ಕೋಣೆ ಬೇರೆ ಮಾಡಿದೆ, ಬೀಗ ಹಾಕಿಸಿದೆ. ಆದರೆ ತುಂಬಿಸುವ ದಿನ ಎರಡೂ ಒಂದೇ ಮೇಜಿಗೆ ಬರಲೇಬೇಕು. ಮೇಜಿನ ಮುಂದೆ ಕೂರುವವರಿಗೆ ಯಾವುದು ಯಾವುದೆಂದು ಕಾಣದಿದ್ದರೆ ಅಪ್ಪನ ಕಟ್ಟಳೆಗಳಿಂದ ಏನು ಪ್ರಯೋಜನ? ಆಮೇಲೆ ಮದುವೆಯ ಅಂಗಳದಲ್ಲಿ, ನೂರಾರು ಜನರ ನಡುವೆ, ಈ ಕೈ ಆ ಬಂದೂಕನ್ನು ಎತ್ತುತ್ತದೆ.

ಮನೆಯಲ್ಲಿ ಶಶಿಧರರು, “ಅವರ ಮನೆ ವಿಷಯ, ನಾವು ಬೇರೆ ಮನೆ ನೋಡ್ಕೊಂಡು ಹೋಗಿಬಿಡೋಣ,” ಎಂದರು. ಪಾಪ, ಅವರಿಗೂ ಹೆದರಿಕೆ ಹಿಡಿದಿತ್ತು. ನಾವು ಹೋದರೆ ಗೋಡೆಯ ಈಚೆ ಇನ್ನೊಬ್ಬರ ಮಗಳು ಕುಳಿತು ಓದುತ್ತಾಳೆ. ಮೇಲೆ ಆ ಸೊಸೆ ಹುಡುಗಿಯೂ ಇದ್ದಾಳಲ್ಲ.

ಹಮೀದಣ್ಣನಿಗೆ ಹೇಳಿದಾಗ ಅವರು ನಗಲಿಲ್ಲ. ತೂಗುತ್ತಿದ್ದ ಬೇಳೆಯನ್ನು ಹಾಗೇ ಬಿಟ್ಟು ಹೊರಗೆ ಬಂದರು. “ನೀವು ಮಾತು ಕೊಟ್ಟದ್ದು ಹೌದು ಅಕ್ಕ. ಆದ್ರೆ ಕಣ್ಣಿನ ವಿಷಯ ಗೊತ್ತಿಲ್ಲದೆ ಕೊಟ್ಟದ್ದಲ್ವಾ? ಸಾಲಿಂನತ್ರ ಒಂದು ಮಾತು ಹೇಳಿ. ನಾಳೆ ಎಂತದಾದ್ರೂ ಆದ್ರೆ ನಿಮಗೆ ನಿದ್ದೆ ಬರ್ಲಿಕ್ಕುಂಟಾ?”

ನಮ್ಮೂರಿನಲ್ಲಿ ಚುನಾವಣೆ ಬಂದರೆ ಲೈಸೆನ್ಸಿನ ಕೋವಿಗಳನ್ನೆಲ್ಲ ಪೊಲೀಸ್ ಠಾಣೆಗೆ ಒಪ್ಪಿಸಬೇಕು. ಅಪ್ಪ ಕೋವಿಯನ್ನು ಎಣ್ಣೆ ಹಾಕಿ ಒರೆಸಿ, ಹಳೆಯ ಪಂಚೆಯಲ್ಲಿ ಸುತ್ತಿ ಒಯ್ಯುತ್ತಿದ್ದರು. ಅದು ಮರಳುವವರೆಗೆ ಗೋಡೆಯಲ್ಲಿ ಖಾಲಿ ಗೂಟ. ಸಂಜೆ ಆಸ್ಪತ್ರೆಯಿಂದ ಬಂದವರು ಆ ಗೂಟಕ್ಕೆ ಬೆನ್ನು ಹಾಕಿ ಕೂರುತ್ತಿದ್ದರು, ಯಾರ ಜೊತೆಗೂ ಹೆಚ್ಚು ಮಾತಿಲ್ಲ. ಹಂದಿ ಗದ್ದೆಗೆ ನುಗ್ಗಿದರೂ, “ತಿನ್ನಲಿ ಬಿಡು” ಎನ್ನುತ್ತಿದ್ದರು. ಅಪ್ಪನ ಕೋವಿ ಮತ ಎಣಿಕೆ ಮುಗಿದ ಮೇಲೆ ಮನೆಗೆ ಬರುತ್ತಿತ್ತು. ನಾನು ಹೇಳಿದರೆ ಈ ಮನೆಯ ಬಂದೂಕು ಮರಳಿ ಬರುವುದಿಲ್ಲ. ಇದನ್ನು ತಿಳಿದೇ ಹೇಳ ಹೊರಟೆ.

ಗುರುವಾರ ಅವರಿಗೇ ಮೊದಲು ಹೇಳಿದೆ. “ಬಾಬಾ, ನಾಳೆ ಸಾಲಿಂ ಬಂದಾಗ ಕಣ್ಣಿನ ವಿಷಯ ನೀವೇ ಹೇಳಿ. ಇಲ್ಲದಿದ್ದರೆ ನಾನು ಹೇಳಬೇಕಾಗುತ್ತದೆ.” ಅವತ್ತು ಅವರು ಸ್ಟೂಲು ಹಿಡಿದು ಉಗ್ರಾಣಕ್ಕೆ ಹೋಗಲಿಲ್ಲ.

ಶುಕ್ರವಾರ ಊಟವಾದ ಮೇಲೆ ಸಾಲಿಂ ಕಾರಿನ ಹತ್ತಿರ ಬಂದಾಗ, “ಬಾಬಾ ಏನಾದರೂ ಹೇಳಿದರಾ?” ಎಂದು ಕೇಳಿದೆ. “ಏನು?” ಎಂದ. ಹೇಳಿದೆ. ಡಬ್ಬದಿಂದ ಹಿಡಿದು ತಲೆಕೆಳಗಾದ ಚೀಟಿಯವರೆಗೆ ಎಲ್ಲವನ್ನೂ ಹೇಳಿದೆ. ಆ ಹುಡುಗನ ಮುಖ ಬಿಳುಚಿತು. “ಆಂಟಿ, ಹೋದ ವಾರ ನನ್ನ ಮೊಬೈಲಿನಲ್ಲಿ ಫೋಟೋ ತೋರಿಸಿದೆ. ತುಂಬಾ ಚೆನ್ನಾಗಿದೆ ಅಂದರು,” ಎಂದ.

ಸಾಲಿಂ ಬುದ್ಧಿವಂತ. ತಾನಾಗಿ ಏನನ್ನೂ ಮುಟ್ಟಲಿಲ್ಲ, ಪೊಲೀಸರಿಗೇ ಫೋನ್ ಮಾಡಿ ಹೇಗೆ ಒಪ್ಪಿಸಬೇಕೆಂದು ಕೇಳಿದ. ಅವರು ಬಂದು ಮದ್ದನ್ನೂ ಕೇಪನ್ನೂ ಬೇರೆ ಬೇರೆ ಗಾಡಿಯಲ್ಲಿ ಒಯ್ದರು. ಪಂಪಿನ ಕೋಣೆ ನೋಡಿದ ಅಧಿಕಾರಿಯೊಬ್ಬ, ಇದನ್ನು ಇಷ್ಟು ಸರಿಯಾಗಿ ಇಟ್ಟವರು ಯಾರು ಎಂದು ಕೇಳಿದನಂತೆ. ಬೇರೆ ದಿನವಾಗಿದ್ದರೆ ನಾನು ಇದನ್ನು ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ. ಬಂದೂಕು ಸಾಲಿಂನ ಚಿಕ್ಕಪ್ಪನ ಮನೆಯ ಗೋಡೆ ಸೇರಿತು. ಮದುವೆಯಲ್ಲಿ ಯಾರೋ ಹುಡುಗರು ಪಟಾಕಿ ಹಚ್ಚಿದರು. ಅಬು ಸಾಲಿಂ ಹೋಗಿದ್ದರು, ಆದರೆ ದಿಬ್ಬಣ ಹೊರಡುವ ಮೊದಲೇ ಮನೆಗೆ ಬಂದುಬಿಟ್ಟರು. ಕಣ್ಣಿಗೆ ಮಸ್ಕತ್‌ನಲ್ಲಿ ತೋರಿಸಿದ್ದಾರೆ. ಇನ್ನಷ್ಟು ಹೋಗದಂತೆ ತಡೆಯಬಹುದು, ಹೋದದ್ದು ಬರುವುದಿಲ್ಲ ಎಂದರಂತೆ.

ತಟ್ಟೆಗಳ ಓಡಾಟ ನಿಂತಿಲ್ಲ. ಸೊಸೆ ಕಳಿಸುತ್ತಾಳೆ, ನಾನೂ ಕಳಿಸುತ್ತೇನೆ. ಸಾಲಿಂ ಶುಕ್ರವಾರ ಬಂದಾಗ ನನ್ನನ್ನು ವಿಚಾರಿಸದೆ ಹೋಗುವುದಿಲ್ಲ.

ಬದಲಾದದ್ದು ಒಂದೇ. ಮುಂಚೆ ನಾನು ಗೇಟು ದಾಟಿ ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ, ಇನ್ನೂ ಬಾಯಿ ತೆರೆಯುವ ಮೊದಲೇ, “ನಿಧಿಯ ಅಮ್ಮ, ಕೈಫ್ ಹಾಲಿಕ್?” ಎಂದು ಅಬು ಸಾಲಿಂ ಮೆಟ್ಟಿಲ ಮೇಲಿನಿಂದ ಯೋಗಕ್ಷೇಮ ಕೇಳುತ್ತಿದ್ದರು. ಈಗಲೂ ಅಲ್ಲೇ ಕುಳಿತಿರುತ್ತಾರೆ. ಶಶಿಧರರು ಬಂದರೆ ಚಪ್ಪಲಿಯ ಸದ್ದಿಗೇ ಹೆಸರು ಹಿಡಿದು ಮಾತಾಡಿಸುತ್ತಾರೆ. ನಿಧಿ ಬಂದರೆ ಶಾಲೆಯ ವಿಷಯ ಕೇಳುತ್ತಾರೆ. ಎದುರುಮನೆಯ ಬೆಕ್ಕು ಕಾಂಪೌಂಡು ಹಾರಿದರೂ ಯಾವ ಬೆಕ್ಕೆಂದು ಅವರಿಗೆ ಗೊತ್ತು. ನಾನು ಬಂದರೆ ಮಾತ್ರ ತಲೆ ಎತ್ತಿ, “ಕೌನ್?” ಎನ್ನುತ್ತಾರೆ.

ವಯಸ್ಸಾಯಿತು, ಮರೆವು ಎಂದು ಶಶಿಧರರು ಹೇಳುತ್ತಾರೆ. ಆಯಿತು ಎನ್ನುತ್ತೇನೆ. ಕೈಚೀಲ ಕೆಳಗಿಟ್ಟು, ದಿನವೂ ಅದೇ ಉತ್ತರ ಕೊಡುತ್ತೇನೆ: “ಕೆಳಗಿನ ಮನೆಯವಳು, ಬಾಬಾ. ನಿಧಿಯ ಅಮ್ಮ.” ಅವರು ಇದೇ ಮೊದಲ ಸಲ ಕೇಳಿದವರ ಹಾಗೆ ತಲೆಯಾಡಿಸಿ, ಕಂಬಿ ಹಿಡಿದುಕೊಂಡು ಮೇಲಕ್ಕೆ ಹತ್ತುತ್ತಾರೆ.